ಮೂರು ಒನ್ಸ್‌ಮೋರ್

ಸಿಂಧುವಿಗೆ ಒಂದು ಕಡೆ ನಿಂತು ಗೊತ್ತಿಲ್ಲ ಎಂದು ಕೈಲಾಂಚದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ರಂಗೋಲಿಯ ಹುಚ್ಚು. ಬಾಗಿಲ ಮುಂದೆ ಶುರುವಾದ ರಂಗೋಲಿ ರಸ್ತೆಯವರೆಗೂ ಹರಿದು, ಹಾಲಿನ ಗಾಡಿಯವನು ಬೈದುಕೊಂಡು ಬಳಸಿ ಹೋಗಬೇಕಾಗುತ್ತಿತ್ತು. ಅದು ಕೈಗೆ ಹತ್ತಿತು ಅನ್ನುವಾಗ ಬಿಟ್ಟಳು. ಆಮೇಲೆ ರವಿಕೆಗೆ ಆರಿ ವರ್ಕ್. ಅದೂ ಕೈಗೆ ಹತ್ತಿತು, ಅದನ್ನೂ ಬಿಟ್ಟಳು. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದುದರಿಂದ ಮಾರ್ಕೆಟ್ಟಿಗೆ ಸಲ್ಲದ ಕಳಪೆ ಗೂಡುಗಳನ್ನು ಕತ್ತರಿಸಿ, ಬಣ್ಣಕ್ಕೆ ಅದ್ದಿ, ಹಾರ ಕಟ್ಟತೊಡಗಿದಳು. ರಾಮನಗರದ ಮದುವೆಯೊಂದರಲ್ಲಿ ಹೆಣ್ಣು ಗಂಡು ಇಬ್ಬರೂ ಅವಳ ಹಾರವನ್ನೇ ಹಾಕಿಕೊಂಡರು. ಇನ್ನು ಇದರಲ್ಲೇ ನೆಲೆ ನಿಲ್ಲುತ್ತಾಳೆ ಎಂದು ಗಂಡ ಬೀರೇಶ್ ಉಸಿರು ಬಿಡುವಷ್ಟರಲ್ಲಿ ಅದಕ್ಕೂ ಕೈ ಮುಗಿದಳು.

ನನ್ನನ್ನು ಕೇಳಿದರೆ ಅದು ಚಂಚಲ ಬುದ್ಧಿಯಲ್ಲ. ಬಾರದ ಕೆಲಸ ಕಂಡರೆ ಅವಳ ಬೆರಳು ತುರಿಸುತ್ತಿತ್ತು, ಬಂದುಬಿಟ್ಟ ಮೇಲೆ ಆ ತುರಿಕೆ ನಿಲ್ಲುತ್ತಿತ್ತು, ಅಷ್ಟೇ. ಇದನ್ನು ಊರಿಗೆ ಬಿಡಿಸಿ ಹೇಳುವವರು ಯಾರು? ಊರಿಗೆ ಒಂದು ಗಾದೆ ಸಿಕ್ಕರೆ ಸಾಕು. ಅವಳ ಬಾವ, ಅಂದರೆ ಗಂಡನ ಅಣ್ಣ ನಟರಾಜು, ಅವಳು ಮುದ್ದೆ ಬಡಿಸುತ್ತಿರುವಾಗಲೇ, "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂದವ್ರೆ ಕಣವ್ವ ದೊಡ್ಡೋರು" ಎಂದು ತಟ್ಟೆ ನೋಡಿಕೊಂಡು ಹೇಳುತ್ತಿದ್ದ.

ನಟರಾಜು ಕಟ್ಟಿದ ಮುತ್ತು ನಾಟಕ. ವರ್ಷಕ್ಕೊಮ್ಮೆ ರಾಮನಗರದಲ್ಲಿ ರಾಜನ ವೇಷ ಕಟ್ಟುವುದು, ಮಿಕ್ಕ ದಿನವೆಲ್ಲ ಅದೇ ಗುಂಗಿನಲ್ಲಿ ಹಾಲಿನ ಡೈರಿಯ ಮುಂದೆ ಮೀಸೆ ತಿರುವುತ್ತ ಕೂರುವುದು. ಆದರೆ ಗಂಟಲು ಒಳ್ಳೆಯದಿತ್ತು, ಕಿವಿಯೂ ಇತ್ತು. ಮನುಷ್ಯ ಎಂಥವನೇ ಆಗಲಿ, ಇದ್ದದ್ದನ್ನು ಇಲ್ಲ ಅನ್ನಬಾರದು.

ಹೋದ ವರ್ಷ ಸಿಂಧು ಹಿಡಿದದ್ದು ಗೊಂಬೆ. ವಾರದಲ್ಲಿ ಎರಡು ದಿನ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋಗಿ, ಗೊಂಬೆ ಕೆಲಸದ ಕರೀಮುನ್ನೀಸಾ ಅನ್ನುವವರ ಮನೆಯ ಹಿಂದೆ ಲೇತ್ ಮುಂದೆ ಕೂರುತ್ತಿದ್ದಳು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಣ್ಣ ಶಾಖಕ್ಕೆ ಕರಗಿ ಹತ್ತಿಕೊಳ್ಳುತ್ತದೆ, ಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಹಾಗೆ ಕಲಿತು ಒಂದು ಮದುವೆ ದಿಬ್ಬಣ ಮಾಡಿದಳು. ಗಂಡು, ಹೆಣ್ಣು, ಓಲಗದವರು, ಕಳಶ ಹೊತ್ತ ಹೆಂಗಸರು, ಎಲ್ಲರ ಹಿಂದೆ ಬೀಡಿ ಕಚ್ಚಿಕೊಂಡು ಬರುವ ಮುದುಕರು. ಒಂದೊಂದು ಗೊಂಬೆಯೂ ಕೈಲಾಂಚದ ಒಬ್ಬೊಬ್ಬರು. ಯಾರ ಹೊಟ್ಟೆ, ಯಾರ ಬಾಗಿದ ಬೆನ್ನು ಎಂದು ನೋಡಿದ ತಕ್ಷಣ ಹೇಳಬಹುದಿತ್ತು. ಅದಕ್ಕೆ ಒಂದು ವರ್ಷ ಹಿಡಿಯಿತು. ಇದನ್ನು ಬಿಡಬೇಕೆಂದು ಅವಳಿಗೆ ಇನ್ನೂ ಅನ್ನಿಸಿರಲಿಲ್ಲ.

ದಿಬ್ಬಣವನ್ನು ಗೋಣಿಚೀಲದಲ್ಲಿ ತುಂಬಿ ಬಚ್ಚಲಮನೆಯ ಅಟ್ಟದ ಮೇಲಿಟ್ಟಿದ್ದಳು. ಒಂದು ಬೆಳಿಗ್ಗೆ ನಾಟಕದವರು ತಾಲೀಮಿಗೆ ಬಂದು ಜಗಲಿಯ ಮೇಲೆ ಕೂತಿದ್ದರು. ಹಂಡೆ ಒಲೆಗೆ ಒಣ ಸೌದೆ ಇರಲಿಲ್ಲ. ನಟರಾಜು ಆ ಚೀಲ ಇಳಿಸಿ ಒಲೆಗೆ ಸುರಿದ. ಗೊತ್ತಿಲ್ಲದೆ ಸುರಿದ ಅನ್ನೋಣವೆಂದರೆ, ಓಲಗ ಊದುವವನನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿ ನಕ್ಕು ಆಮೇಲೆ ಒಲೆಗೆ ಹಾಕಿದ್ದನ್ನು ಅವನ ಹೆತ್ತ ತಾಯಿ ದಾಸಮ್ಮನೇ ಕಂಡಿದ್ದಳು. ಸಿಂಧು ತೋಟದಿಂದ ಹಿಪ್ಪುನೇರಳೆ ಸೊಪ್ಪು ಹೊತ್ತು ತರುವ ಹೊತ್ತಿಗೆ ಬಚ್ಚಲೆಲ್ಲ ಅರಗಿನ ವಾಸನೆ, ಒಲೆಯಲ್ಲಿ ಹಸಿರು ಕೆಂಪು ಉರಿ. ನಟರಾಜು ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಹೊರಗೆ ಬಂದ.

"ನೀರು ಘಮ್ಮಂತಿತ್ತು ಇವತ್ತು" ಎಂದ. ಅವಳ ಮುಖ ನೋಡಿ, "ಎಂಗಿದ್ರೂ ಆರ್ ತಿಂಗ್ಳಿಗೆ ನೀನೇ ಬುಡ್ತಿದ್ದೆ ಕಣವ್ವ. ನಾನು ಒಸಿ ಬೇಗ ಬುಡುಸ್ದೆ" ಎಂದ.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಬೀರೇಶ್ ನಗಲಿಲ್ಲ, ಹಾಗೆಂದು ಅಣ್ಣನಿಗೆ ಒಂದು ಮಾತೂ ಹೇಳಲಿಲ್ಲ. ಒಳಗೆ ಬಂದು, "ಅಣ್ಣ ದೊಡ್ಡೋನು, ಬುಟ್ಟಾಕು" ಎಂದ. ಗಂಡಸರಿಗೆ ಬಿಟ್ಟುಹಾಕುವುದು ಎಷ್ಟು ಸುಲಭ, ಸುಟ್ಟದ್ದು ತಮ್ಮದಲ್ಲದಿದ್ದರೆ. ಸಿಂಧು ಅಳಲಿಲ್ಲ. ಒಲೆಯ ಬೂದಿ ಆರಿದ ಮೇಲೆ ಅದನ್ನು ಬಾಚಿ ತಿಪ್ಪೆಗೆ ಹಾಕುವಾಗ, ಇವನನ್ನು ನಾಲ್ಕು ಜನರ ಮುಂದೆ ಹೀಗೇ ನಗೆಪಾಟಲು ಮಾಡದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಅಂದುಕೊಂಡಳು.

ಆ ಕಥೆಯನ್ನು ನಟರಾಜು ಮುಂದೆ ಡೈರಿಯಲ್ಲಿ ಹೇಳಿದ, ಬೀಗರ ಮನೆಯಲ್ಲಿ ಹೇಳಿದ, ನೆಂಟರ ಬೀಗರ ಔತಣದಲ್ಲೂ ಹೇಳಿದ. ಒಂದೊಂದು ಸಲ ಹೇಳಿದಾಗಲೂ ಸಿಂಧುವಿನ ಹೊಟ್ಟೆಯಲ್ಲಿ ಅದೇ ಒಲೆಗೆ ಇನ್ನೊಂದು ಸೌದೆ ಬಿದ್ದಂತಾಗುತ್ತಿತ್ತು.

ನಾಟಕದ ತಾಲೀಮು ನಡೆಸುತ್ತಿದ್ದವರು ಮಾಗಡಿಯ ಚಿಕ್ಕಹನುಮಯ್ಯ ಮೇಷ್ಟ್ರು. ಬಸ್ಸಿನಲ್ಲಿ ಬಂದು ಜಗಲಿಯ ಮೇಲೆ ಹಾರ್ಮೋನಿಯಂ ಇಟ್ಟು ಕೂತರೆ ಊಟದ ಹೊತ್ತಿಗೇ ಏಳುವುದು. ಹಾರ್ಮೋನಿಯಂಗೆ ನಮ್ಮ ಕಡೆ ಪೆಟ್ಟಿಗೆ ಅನ್ನುತ್ತಾರೆ. ಆ ವರ್ಷ ನಟರಾಜು ವೇಷ ಕಟ್ಟಲಿದ್ದ ಪ್ರಚಂಡಕೇತು ಮಹಾರಾಜನ ನಾಟಕ ಮೇಷ್ಟ್ರೇ ಬರೆದದ್ದು, ಹಾಡುಗಳೂ ಅವರವೇ. ಕಾಫಿ ಕೊಡಲು ಬಂದ ಸಿಂಧು ಲೋಟ ಕೊಟ್ಟರೂ ಕದಲದೆ ನಿಲ್ಲುವುದನ್ನು ಅವರು ಗಮನಿಸಿದರು. ಒಂದು ದಿನ ಯಾರೋ ಅಪಸ್ವರ ಹಾಡಿದಾಗ ಅವಳ ಹುಬ್ಬು ಗಂಟಾದದ್ದನ್ನೂ ನೋಡಿದರು.

"ಕೂತ್ಕೊ ತಾಯಿ" ಎಂದರು. "ಕಿವಿ ಇರೋರು ನಿಂತ್ಕೊಂಡಿರಬಾರ್ದು."

"ಈಗ ಪೆಟ್ಟಿಗೆ ಹುಚ್ಚು ಹತ್ಕೊತು ನೋಡಪ್ಪ ಇದಕ್ಕೆ" ಎಂದ ನಟರಾಜು. ಎಲ್ಲರೂ ನಕ್ಕರು. ನಗಲಿ ಎಂದು ಅವಳು ಕೂತಳು.

ಹಿಂದೆ ಕಲಿತದ್ದನ್ನೆಲ್ಲ ಅವಳು ಆಸೆಯಿಂದ ಕಲಿತಿದ್ದಳು. ಇದನ್ನು ಹಟದಿಂದ ಕಲಿತಳು. ಮೇಷ್ಟ್ರು ಪೆಟ್ಟಿಗೆಯ ಮನೆಗಳನ್ನು, ಅಂದರೆ ಕಪ್ಪು ಬಿಳಿ ಕೀಲಿಗಳನ್ನು, ತೋರಿಸಿಕೊಡುತ್ತಿದ್ದರೆ ಅವಳ ಒಂದು ಕಿವಿ ಮಾತ್ರ ಅಲ್ಲಿರುತ್ತಿತ್ತು. ಇನ್ನೊಂದು ಬಾವನ ಗಂಟಲ ಮೇಲೆ. ಅವನು ಎಲ್ಲಿಯವರೆಗೆ ಸಲೀಸಾಗಿ ಏರುತ್ತಾನೆ, ಎಲ್ಲಿ ಕತ್ತಿನ ನರ ಉಬ್ಬುತ್ತದೆ, ಎಲ್ಲಿ ಕೆಮ್ಮಿನ ನೆಪ ತೆಗೆಯುತ್ತಾನೆ, ಎಲ್ಲವನ್ನೂ ಅವನ ಹೆಂಡತಿಗಿಂತ ಚೆನ್ನಾಗಿ ತಿಳಿದುಕೊಂಡಳು. ನಟರಾಜುವಿನ ಶ್ರುತಿ ಕಪ್ಪು ಒಂದು, ಅಂದರೆ ಮೊದಲ ಕಪ್ಪು ಮನೆ. ಮೇಲೆ ಒಂದು ಮನೆ ಏರಿಸಿದರೆ ಹೇಗೋ ತೂಗಿಸುತ್ತಾನೆ. ಎರಡಾದರೆ ತಿಣುಕುತ್ತಾನೆ. ಮೂರನೆಯದಕ್ಕೆ ಗಂಟಲು ಒಡೆಯುತ್ತದೆ.

ನಾಟಕದ ವಾರ ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗೆದು ಕಟ್ಟು ಹಾಕಿದರು. ಲೈಟು, ಧೂಳು ಎರಡೂ ಕೂಡದೆಂದು ಡಾಕ್ಟರು ಹೇಳಿದ್ದರು. ಬೇಸಿಗೆ ನಾಟಕದ ಕಾಲ, ಬೇರೆ ಯಾವ ಮೇಷ್ಟ್ರೂ ಖಾಲಿ ಇರಲಿಲ್ಲ. "ಸಿಂಧು ನುಡುಸ್ತಾಳೆ, ನಂದು ಜವಾಬ್ದಾರಿ" ಎಂದು ಚಿಕ್ಕಹನುಮಯ್ಯ ಫೋನಿನಲ್ಲೇ ತೀರ್ಮಾನ ಕೊಟ್ಟರು. ನಟರಾಜು ಬೇರೆ ದಾರಿಯಿಲ್ಲದೆ ಒಪ್ಪಿದ. ಒಪ್ಪುವಾಗಲೂ ನಾಲಿಗೆ ಸುಮ್ಮನಿರಬೇಕಲ್ಲ, "ನಡುವೆ ಬೇಜಾರಾಯ್ತು ಅಂತ ಎದ್ದೋಗ್ಬ್ಯಾಡ ಕಣವ್ವ" ಎಂದ.

ಅವಳು ಎದ್ದು ಹೋದಳು, ಆದರೆ ಊರಿನ ಹೆಂಗಸರ ಮನೆಗಳಿಗೆ. "ನಮ್ ಬಾವ ಮೊದ್ಲನೇ ಸೀನಲ್ಲಿ ಹಾಡ್ದಾಗ ಒನ್ಸ್‌ಮೋರ್ ಕೂಗ್ರವ್ವ. ಒಂದು ಸಲ ಕೂಗಿ ಸುಮ್ನಾಗ್ಬ್ಯಾಡಿ, ಬಾಯಿ ತುಂಬ ಕೂಗಿ. ಅವ್ರಿಗೆ ಭಾರಿ ಖುಸಿ ಆಯ್ತದೆ" ಎಂದಳು. ಬಾವನ ಮೇಲೆ ಇವಳಿಗೆಷ್ಟು ಪ್ರೀತಿ ಎಂದು ಪಾಪ ಅವರು ಮೆಚ್ಚಿಕೊಂಡರು. ನಮ್ಮ ಕಡೆ ನಾಟಕದಲ್ಲಿ ಒನ್ಸ್‌ಮೋರ್ ಬಿದ್ದರೆ ಪಾತ್ರಧಾರಿ ಹಾಡಲೇಬೇಕು. ಹಾಡದಿದ್ದರೆ ಜನಕ್ಕೆ ಅವಮಾನ, ಆಮೇಲೆ ಅವನು ಬೀದಿಯಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ.

ರಾಮನಗರದ ಹಾಲ್‌ನಲ್ಲಿ ಬೆಳಿಗ್ಗೆ ನಾಟಕ ಶುರುವಾಯಿತು. ಸ್ಟೇಜಿನ ಮಗ್ಗುಲಿಗೆ ಪೆಟ್ಟಿಗೆ, ಅದರ ಮುಂದೆ ಸಿಂಧು. ಪಕ್ಕದಲ್ಲಿ ತಾಳಕ್ಕೆ ರಿದಮ್ ಪ್ಯಾಡ್ ಹುಡುಗ. ಶ್ರುತಿಗೆ ಕೂಡಿಸಿದ ತಬಲ ಇದ್ದಿದ್ದರೆ ಶ್ರುತಿ ಬದಲಾದ ಕೂಡಲೇ ಗುಟ್ಟು ರಟ್ಟಾಗುತ್ತಿತ್ತು. ಪ್ಯಾಡಿಗೆ ಅದರ ಹಂಗಿಲ್ಲ.

ಪರದೆ ಎದ್ದಿತು. ನಟರಾಜು ಕಿರೀಟ, ಭುಜಕೀರ್ತಿ ಧರಿಸಿ ಬಂದು ಒಡ್ಡೋಲಗದ ಹಾಡು ಎತ್ತಿಕೊಂಡ. ಕಪ್ಪು ಒಂದರಲ್ಲಿ ಅವಳು ಹೂವಿನ ಹಾಗೆ ನುಡಿಸಿಕೊಟ್ಟಳು. ಹಾಡು ಹಾಲ್ ತುಂಬಿತು. ಮುಗಿಯುತ್ತಿದ್ದಂತೆ ಕೈಲಾಂಚದ ಹೆಂಗಸರ ಸಾಲಿನಿಂದ ಒನ್ಸ್‌ಮೋರ್. ನಟರಾಜು ಎದೆಯ ಮೇಲೆ ಕೈಯಿಟ್ಟು ಬಾಗಿದ. ಅವನು ಬಾಗಿದ್ದಾಗಲೇ ಸಿಂಧು ಒಂದು ಮನೆ ಏರಿದಳು.

ಎರಡನೇ ಸಲ ಹಾಡಲು ಬಾಯಿ ತೆರೆದವನು ಅರೆಗಳಿಗೆ ಓರೆಗಣ್ಣಿನಿಂದ ಅವಳತ್ತ ನೋಡಿದ. ಸ್ವರ ಹಿಡಿದು ಹೇಗೋ ಹತ್ತಿ ಇಳಿದ. ಮತ್ತೆ ಒನ್ಸ್‌ಮೋರ್. ಎರಡನೇ ಮನೆ. ಈ ಸಲ ಕತ್ತಿನ ನರ ಉಬ್ಬಿತು, ಬಣ್ಣದ ಮೇಲೆ ಬೆವರು ಗೆರೆ ಎಳೆಯಿತು. ಕೈಯಿಂದ ಕೆಳಗೆ, ಕೆಳಗೆ ಎಂದು ಅವಳಿಗೆ ಸನ್ನೆ ಮಾಡಿದ. ಜನ ಅದನ್ನು ಅಭಿನಯ ಅಂದುಕೊಂಡರು. ಹೆಂಗಸರು ಈಗ ಎದ್ದು ನಿಂತು ಕೂಗುತ್ತಿದ್ದರು. ಸಿಂಧು ಮೂರನೆಯದಕ್ಕೆ ಏರಿಸಿ ಅಲ್ಲೇ ಕಾದಳು.

ಪಲ್ಲವಿಯ ತುದಿಯಲ್ಲಿ ಪ್ರಚಂಡಕೇತು ಮಹಾರಾಜನ ಗಂಟಲು ಚಿಂದಿಯಾಯಿತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಲೇ, ರಾಜಂಗೆ ನೆಗಡಿ ಕಣ್ಲಾ, ಕಷಾಯ ಕೊಡ್ರುಲಾ" ಎಂದ. ಸಿಳ್ಳೆ, ನಗು. ನಗು ಹಿಂದಿನಿಂದ ಮುಂದಕ್ಕೆ ಬಂತು, ಕೊನೆಗೆ ಕೈಲಾಂಚದವರೂ ಸೆರಗು ಅಡ್ಡ ಹಿಡಿದು ನಕ್ಕರು. ಸಿಂಧುವಿನ ಎದೆ ತಣ್ಣಗಾಯಿತು. ಎಷ್ಟು ದಿನವಾಗಿತ್ತು ಅವಳು ಹಾಗೆ ಹಾಯಾಗಿ ಉಸಿರಾಡಿ.

ಪರದೆ ಬಿದ್ದಾಗ ನಟರಾಜು ಪೆಟ್ಟಿಗೆಯ ಬಳಿ ಬಂದು ಬಗ್ಗಿದ. ಮಾತು ಗೊರಗೊರ ಎನ್ನುತ್ತಿತ್ತು.

"ಮೂರು ಮನೆ ಏರ್ಸ್‌ಬುಟ್ಟೆ."

"ಗೊತ್ತಾಯ್ತಲ್ಲ" ಎಂದಳು.

"ಕೊನೇ ಸೀನು ಬತ್ತದೆ. ಕೆಳಿಕ್ಕೆ ಇಳ್ಸವ್ವ, ನಿನ್ನ ದಮ್ಮಯ್ಯ. ಅದೊಂದು ಹಾಡು ಆಡ್ಬುಡ್ತೀನಿ."

"ಚೀಲ ಒಲೆಗೆ ಸುರುದ್ರಲ್ಲ, ಅದು ತಪ್ಪಾಯ್ತು ಅಂತ ಮೈಕ್‌ನಲ್ಲಿ ಹೇಳಿ ಬಾವ. ಇಳುಸ್ತೀನಿ."

ಅವನು ಮೈಕನ್ನು ನೋಡಿದ, ಜನರನ್ನು ನೋಡಿದ, ಕಿರೀಟ ಸರಿಮಾಡಿಕೊಂಡು ಹೊರಟುಹೋದ. ರಾಜನಾಗಿರುವಾಗ ತಪ್ಪೊಪ್ಪಿಕೊಳ್ಳುವುದು ಅವನಿಂದಾಗಲಿಲ್ಲ. ರಾಜನಲ್ಲದಾಗಲೂ ಅವನಿಂದಾಗಿರಲಿಲ್ಲ ಅನ್ನಿ.

ಹಾಗಾದರೆ ಸರಿ, ಇನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ, ಕೊನೆಯ ಹಾಡಿಗೆ ಪೆಟ್ಟಿಗೆಯೇ ಇಲ್ಲ ಎಂದು ಅವಳು ನಿಶ್ಚಯಿಸಿದಳು. ಆ ಒಡಕು ಗಂಟಲನ್ನು ಬರಿಮೈಯಲ್ಲಿ ಜನರ ಮುಂದೆ ನಿಲ್ಲಿಸುತ್ತೇನೆ, ಸಾಯುವವರೆಗೂ ಮತ್ತೆ ವೇಷದ ಹೆಸರೆತ್ತಬಾರದು ಎಂದುಕೊಂಡಳು.

ಮಾತಿನ ಸೀನುಗಳೆಲ್ಲ ಮುಗಿದು ಕೊನೆಯ ಸೀನು ಬಂತು. ಯುದ್ಧದಲ್ಲಿ ಸೋತು ಬಿದ್ದ ರಾಜ ತನ್ನ ಕುದುರೆಗೆ, ನೀನಾದರೂ ಮನೆಗೆ ಹೋಗು, ನಾನು ಬರುವುದಿಲ್ಲವೆಂದು ಹೇಳು ಎಂದು ಹಾಡುತ್ತಾನೆ. ನಟರಾಜು ಪೆಟ್ಟಿಗೆಯ ಸದ್ದಿಗೆ ಕಾದ. ಸಿಂಧು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಜನ ಕೆಮ್ಮತೊಡಗಿದರು. ಅವನಿಗೆ ಅರ್ಥವಾಯಿತು. ಕಣ್ಣು ಮುಚ್ಚಿ, ಇದ್ದ ಗಂಟಲಿನಲ್ಲೇ, ತೀರಾ ತಗ್ಗಿನಲ್ಲಿ ಶುರುಮಾಡಿದ.

ಏನು ಹೇಳಲಿ. ಆ ಸೀಳಿದ, ಗಾಳಿ ಸೋರುವ ದನಿ ಸಾಯುತ್ತಿರುವವನದೇ ಆಗಿತ್ತು. ತಾಲೀಮಿನಲ್ಲಿ ಒಂದು ದಿನವೂ ಅವನು ಹಾಗೆ ಹಾಡಿರಲಿಲ್ಲ. ಅಲ್ಲೆಲ್ಲ ಗತ್ತು ಇತ್ತು, ಈಗ ಗತ್ತಿಗೆ ಗಂಟಲಿರಲಿಲ್ಲ. ಕಷಾಯ ಕೇಳಿದವನೂ ಬಾಯಿ ಮುಚ್ಚಿಕೊಂಡ. ಎರಡನೇ ಸಾಲಿಗೆ ಸ್ವರ ಜಾರತೊಡಗಿತು. ಇನ್ನು ಅರ್ಧ ಸಾಲು ಹೋದರೆ ಹಾಡು ಬಿದ್ದೇಬಿಡುತ್ತದೆ ಎಂದು ಆ ಹಾಲ್‌ನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಬೀಳಲಿ ಎಂದೇ ಅವಳು ಕೂತಿದ್ದಳು.

ಅವಳ ಬೆರಳುಗಳು ಬಿಳಿ ಒಂದರ ಮೇಲಿದ್ದವು, ಅವನ ಶ್ರುತಿಗಿಂತ ಒಂದು ಮನೆ ಕೆಳಗೆ. ಯಾವಾಗ ಮಡಿಲಿನಿಂದ ಎದ್ದವೋ ಅವಳಿಗೇ ತಿಳಿಯಲಿಲ್ಲ. ತಿಳಿದ ಮೇಲೆ ಕಿತ್ತುಕೊಳ್ಳಬೇಕೆಂದು ಹಲ್ಲು ಕಚ್ಚಿದಳು, ಆಗಲಿಲ್ಲ. ಸಣ್ಣಗೆ ಶ್ರುತಿ ಕೊಟ್ಟಳು. ಅವನು ಅದಕ್ಕೆ ಒರಗಿಕೊಂಡ. ಮುಂದಿನ ಸಾಲಿಗೆ ಅವಳೇ ದಾರಿ ತೋರಿಸಿದಳು, ಅವನು ಹಿಂದೆ ಬಂದ. ಅಷ್ಟು ಚೆನ್ನಾಗಿ ಅವಳು ಹಿಂದೆ ಯಾವತ್ತೂ ನುಡಿಸಿರಲಿಲ್ಲ, ಮತ್ತು ಯಾವತ್ತೂ ಅಷ್ಟು ಸಿಟ್ಟಾಗಿರಲಿಲ್ಲ.

ಹಾಡು ಮುಗಿದಾಗ ಯಾರೂ ಒನ್ಸ್‌ಮೋರ್ ಅನ್ನಲಿಲ್ಲ. ಹೆಂಗಸರು ಮೂಗು ಸೀಟುತ್ತಿದ್ದರು. ಆಮೇಲೆ ಜನ ಸ್ಟೇಜಿಗೆ ನುಗ್ಗಿ ನಟರಾಜುವಿನ ಕೊರಳು ಕಾಣದಷ್ಟು ಹಾರ ಹಾಕಿದರು. ಬೇಕೆಂದೇ ಗಂಟಲು ಒಡೆದುಕೊಂಡು ಪಾತ್ರಕ್ಕೆ ಜೀವ ತುಂಬಿದ ಎಂದು ಯಾರೋ ಮೈಕ್‌ನಲ್ಲಿ ಕೊಂಡಾಡಿದರು. ಪೆಟ್ಟಿಗೆಯವಳ ಹೆಸರನ್ನು ಯಾರೂ ಎತ್ತಲಿಲ್ಲ.

ಜನ ಕರಗಿದ ಮೇಲೆ ಅವನು ಹಾರಗಳ ಸಮೇತ ಅವಳ ಮುಂದೆ ಬಂದು ನಿಂತ. ಒಂದು ಹಾರ ತೆಗೆದು ಚಾಚಿದ. ಅವಳು ಮುಟ್ಟಲಿಲ್ಲ.

"ಕೊನೇಗೆ ಯಾಕವ್ವ ಶ್ರುತಿ ಕೊಟ್ಟೆ?" ಎಂದು ಕೇಳಿದ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದ.

"ನಿಮ್ಗಲ್ಲ ಬಾವ. ಹಾಡು ಏನ್ ಮಾಡಿತ್ತು ನಂಗೆ?" ಎಂದಳು ಸಿಂಧು. ಪೆಟ್ಟಿಗೆಯ ಮುಚ್ಚಳ ಹಾಕಿ ಎದ್ದಳು. "ನಮ್ಮಿಬ್ರದು ಇನ್ನೂ ತೀರಿಲ್ಲ. ಬರೋ ವರ್ಸ ನೀವು ಯಾವ ವೇಷನಾರ ಕಟ್ಟಿ, ಪೆಟ್ಟಿಗೆ ಮುಂದೆ ನಾನೇ ಕೂತಿರ್ತೀನಿ. ಮೇಷ್ಟ್ರಿಗೆ ಹೇಳಾಗೈತೆ."

ಅವಳು ಹೋಗುವುದನ್ನೇ ನೋಡುತ್ತ ನಟರಾಜು ಗಂಟಲು ಸವರಿಕೊಂಡ.