ಅರಬೈಲಿನಲ್ಲಿ ಕಾರು ನಿಂತ ಬಗ್ಗೆ

ಆ ಬೆಳಿಗ್ಗೆ ಯಲ್ಲಾಪುರದಲ್ಲಿ ಇತ್ಯರ್ಥವಾಗಬೇಕಿದ್ದ ಅತಿ ಗಂಭೀರ ವಿಷಯವೆಂದರೆ ಒಂಬತ್ತು ವೋಲ್ಟಿನ ಒಂದು ಬ್ಯಾಟರಿ. ಬೆಂಕಿಪೊಟ್ಟಣದಷ್ಟಿರುವ ಆ ವಸ್ತುವಿಗಾಗಿ ಚಂದ್ರಶೇಖರಪ್ಪನ ಗ್ಯಾರೇಜಿನಲ್ಲಿ ಕೆಲಸ ನಿಂತುಹೋಗಿತ್ತು. ವೈರುಗಳನ್ನು ಪರೀಕ್ಷಿಸುವ ಮೀಟರಿನಲ್ಲಿದ್ದ ಹಳೆಯ ಬ್ಯಾಟರಿ ಪೂರ್ತಿ ಸತ್ತಿದ್ದರೆ ಒಳ್ಳೆಯದಿತ್ತು. ಅದು ಸಾಯುತ್ತಾ ಇತ್ತು, ಹಾಗಾಗಿ ಬಾಯಿಗೆ ಬಂದದ್ದು ಹೇಳುತ್ತಿತ್ತು. ನಾಗಪತಿ ಭಟ್ಟನ ಕಾರಿನಲ್ಲಿ ಇಂಜಿನ್ನಿಗೆ ಪೆಟ್ರೋಲ್ ಬಿಡುವ ಮೂರು ಇಂಜೆಕ್ಟರುಗಳಲ್ಲಿ ಮೊದಲನೆಯದಕ್ಕೆ ಮೀಟರಿನ ಕಡ್ಡಿ ಮುಟ್ಟಿಸಿದಾಗ ಹತ್ತೊಂಬತ್ತು ಎಂದಿತು. ಅದಕ್ಕೇ ಮತ್ತೆ ಮುಟ್ಟಿಸಿದರೆ ಇಪ್ಪತ್ತಾರು.

"ಹದಿನಾಲ್ಕರ ಆಜೂಬಾಜು ಬರ್ಬೇಕ್ರಿ ಭಟ್ರ," ಎಂದ ಚಂದ್ರಶೇಖರಪ್ಪ. ಗುಡ್ನಾಪುರದ ಕಡೆಯವನು; ಯಲ್ಲಾಪುರಕ್ಕೆ ಬಂದು ಹತ್ತಾರು ವರ್ಷವಾಗಿದ್ದರೂ ಮಾತು ಊರು ಬಿಟ್ಟಿರಲಿಲ್ಲ. "ಇಪ್ಪತ್ತಾರು ಅಂದ್ರ ಅದು ಇಂಜೆಕ್ಟರಿಂದಲ್ಲ, ನಮ್ ಹುಡುಗೀದು ಗಣಿತದ ಮಾರ್ಕು. ಹೊಸಾ ಬ್ಯಾಟರಿ ತರ್ರಿ, ಆಮ್ಯಾಲ ಮಾತಾಡೂಣು."

ಪೇಟೆಯ ಎರಡು ಅಂಗಡಿಯಲ್ಲಿ ಆ ಬ್ಯಾಟರಿ ಇರಲಿಲ್ಲ. ಕೊನೆಗೆ ನಾಗಪತಿ ಭಟ್ಟನೇ ತಾನು ಡೈರೆಕ್ಟರಾಗಿರುವ ಸೊಸೈಟಿಗೆ ಹೋಗಿ, ವಾರ್ಷಿಕ ಸಭೆಗೆಂದು ತಂದಿಟ್ಟಿದ್ದ ಕಾರ್ಡ್‌ಲೆಸ್ ಮೈಕಿನ ಹೊಟ್ಟೆ ಬಿಚ್ಚಿಸಿ ಬ್ಯಾಟರಿ ತಂದ. ಸಂಜೆಯೊಳಗೆ ವಾಪಸು ಕೊಡುವೆನೆಂದು ಹೇಳಿದ್ದ. ಸೊಸೈಟಿಯಲ್ಲಿ ಅವನ ಮಾತನ್ನು ನಂಬುತ್ತಿದ್ದರು.

ಮನೆಯಲ್ಲಿ ಏಪ್ರಿಲಿನಿಂದ ನಂಬುತ್ತಿರಲಿಲ್ಲ. ಅವನ ಹೆಂಡತಿ ದೇವಕಿ, ಯಾವುದೋ ಜೀಪಿನಿಂದ ಕಿತ್ತು ಗೋಡೆಗೆ ಒರಗಿಸಿದ್ದ ಸೀಟಿನ ತುದಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ. ತಾನಾಗಿ ಬಂದವಳಲ್ಲ. "ನೀನೇ ಬಂದು ಕಣ್ಣಾರೆ ನೋಡು, ಆಮೇಲೆ ಎಂತ ಬೇಕಾದ್ರೂ ಹೇಳು," ಎಂದು ನಾಗಪತಿ ವಾರದಿಂದ ಬೆನ್ನು ಬಿದ್ದಿದ್ದ.

ಏಪ್ರಿಲಿನಲ್ಲಿ ಆದದ್ದು ಇಷ್ಟು. ಘಟ್ಟದ ಕೆಳಗಿದ್ದ ದೇವಕಿಯ ಅಣ್ಣ ತಿರುಮಲೇಶ್ವರನಿಗೆ ಎದೆನೋವು ಬಂತು. ಗಂಡ ಹೆಂಡತಿ ಇಬ್ಬರೂ ಕಾರು ತೆಗೆದುಕೊಂಡು ಇಳಿದುಹೋಗಿ, ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಹುಬ್ಬಳ್ಳಿಗೆಂದು ಹೊರಟರು. ಅರಬೈಲ್ ಘಟ್ಟದ ಅರ್ಧದಲ್ಲಿ ಕಾರು ಎರಡು ಸಲ ನಡುಗಿ ನಿಂತಿತು. ನಾಗಪತಿ ಎಷ್ಟು ಕೀಲಿ ತಿರುಗಿಸಿದರೂ ಹೊರಡಲಿಲ್ಲ. ಮೇಲೆ ಹೋಗುತ್ತಿದ್ದ ಲಾರಿಯೊಂದು ಬಂದಾಗ ದೇವಕಿ ರಸ್ತೆಯ ನಡುವೆ ನಿಂತು ತಡೆದಳು. "ಇಂಜಿನ್ ಕಾದೋಜು, ತಣೀಲಿ, ಸ್ವಲ್ಪ ತಡಿ," ಎಂದು ನಾಗಪತಿ ಹೇಳಿದ್ದ. ಕಾಯುವವನನ್ನು ಕಾಯಲು ಬಿಟ್ಟು ಅವಳು ಅಣ್ಣನನ್ನು ಲಾರಿಯ ಕ್ಯಾಬಿನ್ನಿಗೆ ಎತ್ತಿಸಿ ತಾನೂ ಹತ್ತಿದಳು. ಅಲ್ಲಿ ಮಲಗಿಸಲು ಜಾಗವಿರಲಿಲ್ಲ, ಕೂರಿಸಬೇಕಾಯಿತು. ತುಂಬಿದ ಲಾರಿ, ಘಟ್ಟವನ್ನು ನಡಿಗೆಯ ವೇಗದಲ್ಲಿ ಏರಿತು. ಹುಬ್ಬಳ್ಳಿಯ ದಾರಿಯಲ್ಲಿ ಕಿರವತ್ತಿ ದಾಟುವಾಗ ತಿರುಮಲೇಶ್ವರ ಬದುಕಿರಲಿಲ್ಲ.

ನಾಗಪತಿಗೆ ಮೊದಲಿನಿಂದಲೂ ಒಂದು ಹೆಸರಿತ್ತು. ಘಟ್ಟ ಇಳಿಯುವಾಗ ಇಂಜಿನ್ ಬಂದ್ ಮಾಡಿ, ಗೇರು ತೆಗೆದು, ಕಾರನ್ನು ಜಾರಲು ಬಿಟ್ಟು ಪೆಟ್ರೋಲ್ ಉಳಿಸುವವನು. ಮುಳ್ಳು ಕೆಂಪಿಗೆ ಮುಟ್ಟುವತನಕ ಪಂಪಿನ ಕಡೆ ಮುಖ ಮಾಡದವನು. ಲಾರಿ ಹೋದ ಮೇಲೆ ಘಟ್ಟದ ಬೈರ ಎಂಬವನು ತನ್ನ ಮೋಟಾರ್‌ಸೈಕಲ್ಲಿನಿಂದ ಒಂದು ಬಾಟಲಿ ಪೆಟ್ರೋಲ್ ತೆಗೆದು ಕಾರಿಗೆ ಹೊಯ್ದ. ಕೀಲಿ ತಿರುಗಿಸಿದ್ದೇ ಕಾರು ಹೊರಟಿತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? "ಒಂದು ಬಾಟ್ಲಿ ಹೊಯ್ದೆ ನೋಡಿ, ಕೋಳಿ ಕೂಗಿದಂಗೆ ಕೂಗ್ತು!" ಎಂದು ಬೈರ ಸಿಕ್ಕವರಿಗೆಲ್ಲ ಹೇಳಿದ. ಹನ್ನೆರಡನೆಯ ದಿನದ ಊಟದಲ್ಲಿ ಯಾರೋ, "ಭಾವಂಗೆ ಮಜ್ಜಿಗೆ ಬಡಸು, ಅದೂ ಉಳಿತಾಯ ಮಾಡ್ತ," ಎಂದರು. ಪಂಕ್ತಿ ನಕ್ಕಿತು. ಬಡಿಸುತ್ತಿದ್ದ ದೇವಕಿ ನಗಲಿಲ್ಲ. ಅಲ್ಲಿಂದ ಮುಂದೆ ಅವಳು ಆ ಕಾರು ಹತ್ತಲಿಲ್ಲ.

ಹೊರಡುವ ಮುಂಚೆ ಯಲ್ಲಾಪುರದಲ್ಲೇ ಪೆಟ್ರೋಲ್ ಹಾಕಿಸಿದ್ದೆ ಎಂದು ನಾಗಪತಿ ದೇವರ ಮುಂದೆ ನಿಂತು ಹೇಳಿದ, ಊಟಕ್ಕೆ ಕೂತು ಹೇಳಿದ, ಕೇಳದವರಿಗೂ ಹೇಳಿದ. ಹೋದ ವಾರ, ತುಂಬಿದ ಟ್ಯಾಂಕಿನಲ್ಲೇ ಕಾರು ಸಿರಸಿ ರಸ್ತೆಯಲ್ಲಿ ಮತ್ತೆ ನಡುಗಿ ನಿಂತಾಗ ಅವನಿಗೆ ಆದಷ್ಟು ಸಂತೋಷ ಹೊಸ ಕಾರು ಕೊಂಡಾಗಲೂ ಆಗಿರಲಿಕ್ಕಿಲ್ಲ.

ಮೈಕಿನ ಬ್ಯಾಟರಿ ಹಾಕಿದ ಮೇಲೆ ಮೀಟರು ಸುಧಾರಿಸಿತು. ಒಂದನೆಯದು ಹದಿನಾಲ್ಕು. ಎರಡನೆಯದೂ ಹದಿನಾಲ್ಕು. ಮೂರನೆಯದೂ ಅಷ್ಟೇ.

"ಮೂರೂ ಗಟ್ಟಿ ಅದಾವ್ರಿ," ಎಂದ ಚಂದ್ರಶೇಖರಪ್ಪ, ಸಪ್ಪೆಯಾಗಿ.

ದೇವಕಿ ಎದ್ದು ಸೀರೆ ಕೊಡವಿಕೊಂಡಳು. "ಆತಲೀ? ಆನು ಬಸ್ಸಿಗೆ ಹೋಗ್ತೆ."

"ನಿಂದ್ರಿ ಅಕ್ಕಾರ," ಎಂದ ಚಂದ್ರಶೇಖರಪ್ಪ. "ತಂಪಿದ್ದಾಗ ನೋಡೀನಿ ನಾ. ಗಾಡಿ ನಿಂತಿದ್ದು ತಂಪಿದ್ದಾಗಲ್ಲಲ. ಇದು ಎಂಟೊಂಬತ್ತು ವರ್ಷದ ಹಳೇ ಗಾಡಿ. ಇಂಜೆಕ್ಟರ್ ಒಳಗ ತಾಮ್ರದ ತಂತಿ ಸುತ್ತಿರ್ತಾರ. ಅದಕ್ಕ ಕರೆಂಟ್ ಹೋದ್ರ ಪೆಟ್ರೋಲ್ ಬಿಡ್ತೈತಿ, ಇಲ್ಲಂದ್ರ ಬಾಯಿ ಮುಚ್ಚಿ ಕುಂದರ್ತೈತಿ. ಬಿಸಿ ಮಾಡಿ ನೋಡೂಣು."

ಅವನು ರೇಡಿಯೇಟರಿನ ಮುಂದೆ ಗೋಣಿಚೀಲ ಹೊದಿಸಿ, ಬಾನೆಟ್ ಮುಚ್ಚಿ, ಇಂಜಿನ್ ಓಡಲು ಬಿಟ್ಟ. ತಾಪದ ಮುಳ್ಳನ್ನು ನೋಡುತ್ತಾ ಪಕ್ಕದಲ್ಲೇ ನಿಂತ. ಹೆದ್ದಾರಿಯ ಮೇಲೆ ಅದಿರಿನ ಲಾರಿಗಳು ಸಾಲಾಗಿ ಘಟ್ಟದ ಕಡೆ ಹೋಗುತ್ತಿದ್ದವು. ಬಹಳ ಹೊತ್ತಿನ ಮೇಲೆ ಕಾರು ನಡುಗಿತು. ಮತ್ತೊಮ್ಮೆ ನಡುಗಿತು. ನಿಂತಿತು.

ದೇವಕಿ ಕೈಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಎರಡು ನಡುಕ ಅವಳಿಗೆ ಗೊತ್ತಿತ್ತು. ಅಣ್ಣನ ತಲೆ ಅವಳ ತೊಡೆಯ ಮೇಲಿತ್ತು ಆಗ.

ಚಂದ್ರಶೇಖರಪ್ಪ ಬಟ್ಟೆ ಸುತ್ತಿದ ಕೈಯಲ್ಲಿ ಬಾನೆಟ್ ಎತ್ತಿ, ವೈರು ಕಿತ್ತು, ಕಡ್ಡಿ ಮುಟ್ಟಿಸಿದ. ಒಂದನೆಯದು ಹದಿನೇಳು, ಬಿಸಿಗೆ ಅಷ್ಟು ಏರುವುದು ಸಹಜ. ಎರಡನೆಯದಕ್ಕೆ ಮೀಟರಿನ ಎಡತುದಿಯಲ್ಲಿ ಒಂಟಿ ಒಂದು ಮೂಡಿ ಹಾಗೇ ನಿಂತಿತು; ಅಳೆಯಲು ತಂತಿಯೇ ಸಿಕ್ಕಿಲ್ಲ ಎನ್ನುವುದಕ್ಕೆ ಮೀಟರಿನ ಗುರುತು ಅದು. ಮೂರನೆಯದಕ್ಕೂ ಅದೇ.

"ಕಂಡ್ರ್ಯಾ? ಒಳಗ ತಂತಿ ತುಂಡಾಗೇತಿ. ತಂಪಿದ್ದಾಗ ತುದಿಗೆ ತುದಿ ತಾಗಿಕೊಂಡಿರ್ತೈತಿ, ಬಿಸಿಯಾದ್ರ ದೂರ ಸರೀತೈತಿ. ಮೂರರಾಗ ಎರಡು ಹೋದ್ರ ಗಾಡಿ ಎಲ್ಲಿಂದ ನಡೀಬೇಕ್ರಿ? ಟ್ಯಾಂಕ್ ತುಂಬಿದ್ರೂ ಅಷ್ಟ, ಖಾಲಿದ್ರೂ ಅಷ್ಟ."

"ನೋಡ್ದ್ಯಾ!" ನಾಗಪತಿಯ ದನಿ ಒಡೆಯಿತು. "ಏಳು ತಿಂಗಳಿಂದ ಆನು ಎಂತ ಹೇಳ್ತಾ ಇದ್ದಿ? ಪೆಟ್ರೋಲ್ ಇತ್ತು! ಇತ್ತು ಹೇಳಿ ಬಡ್ಕಂಡಿ!" ಗ್ಯಾರೇಜಿನಲ್ಲಿ ಇನ್ನೂ ಹತ್ತು ಜನ ಇದ್ದಿದ್ದರೆ ಅವನಿಗೆ ಸಾಲುತ್ತಿತ್ತೇನೋ. ಸಭೆಯಲ್ಲಿ ಮಾತಾಡುವವನಂತೆ ಬೆರಳೆತ್ತಿದ್ದ.

ದೇವಕಿ ಮೀಟರಿನ ಆ ಒಂಟಿ ಒಂದನ್ನೇ ನೋಡುತ್ತಿದ್ದಳು.

ಚಂದ್ರಶೇಖರಪ್ಪ ಎದುರಿನ ಹೋಟೆಲಿಗೆ ಕೂಗಿ ಚಾ ತರಿಸಿದ. ಬಾನೆಟ್ ತೆರೆದೇ ಇತ್ತು. ಕುಡಿದು ಮುಗಿಸಿದವನು ಲೋಟ ಕೆಳಗಿಟ್ಟು, ಕೈ ಸುಮ್ಮನಿರಲಾರದೆ, ಕಡ್ಡಿಯನ್ನು ಎರಡನೆಯ ಇಂಜೆಕ್ಟರಿಗೆ ಮತ್ತೆ ಮುಟ್ಟಿಸಿದ. ಒಂಟಿ ಒಂದು ಮಾಯವಾಗಿ ಹದಿನಾರು ಬಂತು. ಮೂರನೆಯದೂ ಬಂತು. ವೈರು ಸಿಕ್ಕಿಸಿ ಕೀಲಿ ತಿರುಗಿಸಿದ. ಇಂಜಿನ್ ಶುರುವಾಯಿತು.

"ಅರಬೈಲಿನಾಗೂ ಹಿಂಗ ಆಗಿದ್ದು," ಎಂದು ನಕ್ಕ. "ತಣ್ಣಗಾಗಿತ್ತು, ಹೊಂಟ್ತು. ಬೈರನ ಬಾಟ್ಲಿದೇನೂ ಇಲ್ಲ ಅದರಾಗ."

"ಇಷ್ಟೇ ಹೊತ್ತನ?" ಎಂದು ದೇವಕಿ ಕೇಳಿದಳು.

"ಏನ್ರಿ ಅಕ್ಕಾರ?"

"ತಣಿಯೂಲೆ. ಒಂದು ಚಾ ಕುಡಿಯ ಅಷ್ಟೇ ಹೊತ್ತು ಸಾಕನ?" ಅವಳ ಲೋಟದ ಚಾ ಹಾಗೇ ಇತ್ತು. "ಆನು ಆ ಲಾರಿ ತಡೀದೇ ಇದ್ದಿದ್ರೆ..."

ಚಂದ್ರಶೇಖರಪ್ಪನ ನಗು ಅಲ್ಲೇ ಇಂಗಿತು. ಅವನು ಮೀಟರಿನ ವೈರನ್ನು ಕೈಗೆ ಸುತ್ತತೊಡಗಿದ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ನಾಗಪತಿ ಎತ್ತಿದ್ದ ಬೆರಳು ಯಾವಾಗಲೋ ಇಳಿದಿತ್ತು. ಅವನು ಹೆಂಡತಿಯನ್ನು ನೋಡಿದ. ಹೆಂಡತಿ ಮೆಕ್ಯಾನಿಕ್ಕನ್ನು ನೋಡುತ್ತಿದ್ದಳು.

"ಪೆಟ್ರೋಲೂ ಇತ್ತಿಲ್ಲೆ," ಎಂದ ನಾಗಪತಿ.

ಚಂದ್ರಶೇಖರಪ್ಪ ತಲೆ ಎತ್ತಿದ.

"ಹಾಕ್ಸಕ್ಕು ಹೇಳಿ ಪಂಪಿನ ತನಕ ಹೋದಿ. ಗದ್ದಲ ಇತ್ತು, ಬಂದ್ಬುಟಿ. ಘಟ್ಟ ಇಳಿಯಕರೆ ಇಂಜಿನ್ ಬಂದ್ ಮಾಡ್ಕಂಡು ಜಾರ್ಸಿದ್ದಿ, ನೀನೇ ಕಂಡಿದ್ದೆ." ಅವನು ರೇಡಿಯೇಟರಿನ ಮುಂದಿದ್ದ ಗೋಣಿಚೀಲ ತೆಗೆದು ಮಡಚುತ್ತಿದ್ದ. "ತಣಿದಿದ್ರೂ ಹೊರಡ್ತಿತ್ತಿಲ್ಲೆ. ಬೈರ ಬಂದಿದ್ದಕ್ಕೆ ಹೊರಟ್ತು."

ದೇವಕಿ ಗಂಡನ ಬೆನ್ನನ್ನು ಬಹಳ ಹೊತ್ತು ನೋಡಿದಳು.

"ಹೌದೇನ್ರಿ? ಹಂಗೂ ಆಕ್ಕತೇನು?" ಎಂದು ಕೊನೆಗೆ ಚಂದ್ರಶೇಖರಪ್ಪನನ್ನು ಅವನದೇ ಮಾತಿನಲ್ಲಿ ಕೇಳಿದಳು.

"ಆಗಬೌದ್ರಿ," ಎಂದ ಅವನು ಮೀಟರನ್ನು ನೋಡುತ್ತಾ. "ಭಟ್ರ ಗಾಡಿ. ಆಗಬೌದು."

"ಪೆಟ್ರೋಲ್ ಇಲ್ಲೆ ಹೇಳಿ ಆನು ಅವತ್ತೇ ಹೇಳಿದ್ದಿ," ಎಂದಳು ದೇವಕಿ. ತಣ್ಣಗಾದ ಚಾವನ್ನು ಒಂದೇ ಗುಟುಕಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಕಾರಿನ ಮುಂದಿನ ಬಾಗಿಲು ತೆಗೆದು ಕೂತಳು.

ಹುಬ್ಬಳ್ಳಿಯಿಂದ ತರಿಸಿ ಎರಡು ಇಂಜೆಕ್ಟರ್ ಹಾಕಲಾಯಿತು. ಬ್ಯಾಟರಿ ಆ ಸಂಜೆಯೇ ಮೈಕಿಗೆ ವಾಪಸಾಯಿತು. ಏಪ್ರಿಲಿನಲ್ಲಿ ಅರಬೈಲ್ ಘಟ್ಟದಲ್ಲಿ ಕಾರು ನಿಂತದ್ದು ಪೆಟ್ರೋಲ್ ಇಲ್ಲದೆ ಎಂದೇ ತೀರ್ಮಾನವಾಯಿತು.