ನಾನು ಫಕೀರವ್ವನ ಮಿದುಳಿನ ಕಾವಲುಗಾರ

ನಾನು ಒಂದು ಪ್ರೋಟೀನ್. ಧೂಳಿನ ಕಣದ ಪಕ್ಕ ನಿಲ್ಲಿಸಿದರೂ ನಾನು ಯಾರ ಕಣ್ಣಿಗೂ ಕಾಣುವುದಿಲ್ಲ. ಜೀವಕೋಶಕ್ಕೆ ತಡೆಯಲಾರದ ಕಾವು ತಗುಲಿದಾಗ ಅಥವಾ ಅದರ ಉಸಿರು ಕಟ್ಟಿದಾಗ ಅದು ನಮ್ಮನ್ನು ಅವಸರದಲ್ಲಿ ಕಟ್ಟಿಕೊಳ್ಳುತ್ತದೆ. ಮೊದಲು ಕಾವಿನಲ್ಲಿ ಕಂಡವರೆಂದು ವಿಜ್ಞಾನಿಗಳು ನಮಗೆ ಹೀಟ್ ಶಾಕ್ ಪ್ರೋಟೀನ್ ಎಂದು ಹೆಸರಿಟ್ಟರು. ನನ್ನಂಥವರ ಆಯುಷ್ಯ ಎರಡು ಮೂರು ದಿನ. ಅಷ್ಟರಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾನು ಹುಟ್ಟಿದ್ದು ಫಕೀರವ್ವ ತಳವಾರಳ ಮಿದುಳಿನ ಎಡಭಾಗದಲ್ಲಿ, ಒಂದು ಸೋಮವಾರ ಬೆಳಿಗ್ಗೆ. ಆಕೆ ಬಸ್ ಕಂಡಕ್ಟರ್. ಐವತ್ತೊಂದು ವರ್ಷ ವಯಸ್ಸು. ಗದಗ–ಮುಂಡರಗಿ ದಾರಿಯಲ್ಲಿ ಹತ್ತೊಂಬತ್ತು ವರ್ಷ ನಿಂತುಕೊಂಡೇ ಓಡಾಡಿದವಳು. ಬಿಪಿ ಗುಳಿಗೆಯನ್ನು ನೆನಪಾದಾಗ ನುಂಗುತ್ತಿದ್ದಳು. ಅವತ್ತು ಡೋಣಿ ಊರನ್ನು ದಾಟುತ್ತಿದ್ದಂತೆ ಆಕೆಯ ಮಿದುಳಿನ ಒಂದು ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಬಂದು ಸಿಕ್ಕಿಕೊಂಡಿತು. ಬಲಗೈಯಿಂದ ಟಿಕೆಟ್ ಯಂತ್ರ ಜಾರಿ ಬಿತ್ತು. ಹೆಕ್ಕಲು ಬಗ್ಗಿದವಳು ಏಳಲಿಲ್ಲ.

ಡ್ರೈವರ್ ದಾವಲಸಾಬ ಬಸ್ಸು ನಿಲ್ಲಿಸಿ ಹಿಂದಕ್ಕೆ ಓಡಿ ಬಂದ. “ಅಕ್ಕಾ, ಏನಾತು?” ಎಂದು ಕೇಳಿದ. ಆಕೆ ಉತ್ತರ ಕೊಡಲು ಹೋದಳು. ಬಾಯಿಯ ಬಲತುದಿ ಜೋತುಬಿದ್ದಿತ್ತು. ಮಾತಿನ ಬದಲು ಬರೀ ಸದ್ದು ಬಂತು.

“ಪಿತ್ತ ನೆತ್ತಿಗೇರೇತಿ, ಉಳ್ಳಾಗಡ್ಡಿ ಮೂಸಸ್ರಿ” ಎಂದರು ಒಬ್ಬರು. “ಲಕ್ವಾ ಹೊಡದೈತಿ. ಇದಕ್ಕ ಔಷಧ ಕೊಡಾವ್ರು ಮುಂದಿನ ಊರಾಗ ಅದಾರ” ಎಂದರು ಇನ್ನೊಬ್ಬರು.

“ಮುಂದಿನ ಊರಿಲ್ಲ, ಏನಿಲ್ಲ. ಗಾಡಿ ಗದಗಕ್ಕ ತಿರುಗಸ್ತೀನಿ. ಒಲ್ಲದಾವ್ರು ಇಳೀರಿ” ಎಂದ ದಾವಲಸಾಬ.

ಬಿಳಿ ಅಂಗಿಯ ಒಬ್ಬರು ಎದ್ದು ನಿಂತರು. “ನನ್ನ ಕೋರ್ಟ್ ತಾರೀಕು ಐತಿ. ಬಸ್ಸು ನಿಮ್ಮಪ್ಪಂದೇನು?”

“ತಾರೀಕು ಮತ್ತ ಬರ್ತೈತ್ರಿ ಯಜಮಾನ್ರ. ನಮ್ಮಕ್ಕ ಬರೂದಿಲ್ಲ.”

ನಾಲ್ಕು ಮಂದಿ ಇಳಿದರು. ಉಳಿದವರು ಕುಳಿತೇ ಇದ್ದರು. ಹಣಮವ್ವ ಎಂಬ ಮುದುಕಿ ಫಕೀರವ್ವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬಸ್ಸು ತಿರುಗಿತು.

ಬಸ್ಸು ಹಿಂದಕ್ಕೆ ಓಡುತ್ತಿದ್ದಾಗಲೇ ನಾನು ಹುಟ್ಟಿದೆ. ನಕ್ಷತ್ರದ ಆಕಾರದ ಒಂದು ಸಹಾಯಕ ಕೋಶ ನನ್ನನ್ನು ಕಟ್ಟಿತು. ಕಣ್ಣು ಬಿಟ್ಟಾಗ ನಾನು ಕಂಡದ್ದು ಹಾಳು ಬಿದ್ದ ಬೀದಿ. ರಕ್ತ ನಿಂತ ಜಾಗದ ನಟ್ಟನಡುವಿನ ನರಕೋಶಗಳು ಕೆಲವೇ ನಿಮಿಷಗಳಲ್ಲಿ ಸತ್ತಿದ್ದವು. ಅವುಗಳಿಗೆ ನಾನು ಏನೂ ಮಾಡುವಂತಿರಲಿಲ್ಲ. ಆದರೆ ಅದರ ಸುತ್ತಲಿನ ಅಂಚಿನಲ್ಲಿ ಸಾವಿರಾರು ಕೋಶಗಳು ಮೂಕವಾಗಿ ನಿಂತಿದ್ದವು. ಅವು ಸತ್ತಿರಲಿಲ್ಲ. ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ಚೂರುಪಾರು ರಕ್ತದಲ್ಲಿ ಜೀವ ಹಿಡಿದಿದ್ದವು. ನನ್ನನ್ನು ಕಟ್ಟಿದ ಕೋಶ ನನ್ನನ್ನು ತನ್ನಲ್ಲಿ ಉಳಿಸಿಕೊಳ್ಳಲಿಲ್ಲ. ಹೊರಕ್ಕೆ ನೂಕಿತು. ಪಕ್ಕದ ಒಂದು ನರಕೋಶ ನನ್ನನ್ನು ಒಳಗೆ ಎಳೆದುಕೊಂಡಿತು. ಅದು ಫಕೀರವ್ವನ ಮಾತು ಹುಟ್ಟುವ ಜಾಗ.

ಒಳಗೆ ಎಲ್ಲವೂ ಅಸ್ತವ್ಯಸ್ತ. ಉಳಿದ ಪ್ರೋಟೀನ್‌ಗಳು ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿದ್ದವು. ಮಡಿಕೆ ಕೆಟ್ಟ ಪ್ರೋಟೀನ್ ಕೆಲಸಕ್ಕೆ ಬಾರದು. ನಾನು ಒಂದೊಂದನ್ನೇ ಹಿಡಿದು ಬಿಡಿಸಿ, ಮತ್ತೆ ಸರಿಯಾಗಿ ಮಡಚಿ ಬಿಟ್ಟೆ. ಒಂದನ್ನು ಸರಿಮಾಡುವಷ್ಟರಲ್ಲಿ ಹತ್ತು ಕೆಡುತ್ತಿದ್ದವು. ಆದರೂ ಬಿಡಲಿಲ್ಲ.

ಆಸ್ಪತ್ರೆಯ ಬಾಗಿಲಿಗೇ ಬಸ್ಸು ಹೋಗಿ ನಿಂತಿತು. ಡಾಕ್ಟರ್ ವೈಜಯಂತಿ ಕೇಳಿದ ಮೊದಲ ಪ್ರಶ್ನೆ ಇದು: “ಕೊನೇ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ? ಸರಿಯಾಗಿ ಹೇಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಮಾತ್ರ ಅವಕಾಶ.”

ದಾವಲಸಾಬ ತಡವರಿಸಿದ. “ಎಂಟೂವರಿ ಇರಬೇಕ್ರಿ. ಇಲ್ಲಾ ಒಂಬತ್ತು. ನಾ ರಸ್ತೆ ನೋಡ್ತಿದ್ನಿ.”

ಹಣಮವ್ವ ಸೆರಗಿನ ತುದಿ ಬಿಚ್ಚಿ ಹೆಂಗಸರ ಬಿಟ್ಟಿ ಟಿಕೆಟ್ ಒಂದನ್ನು ತೆಗೆದು ಕೊಟ್ಟಳು. “ನನಗ ಕೊಟ್ಟಿದ್ದ ಕಡೀ ಟಿಕೀಟ್ರಿ. ‘ಆಯಿ, ಮುಂದ ಕುಂದ್ರು’ ಅಂತ ನಕ್ಕೊಂತ ಕೊಟ್ಟಾಳ. ಅದರಾಗ ಟೈಮ್ ಬರ್ದಿರ್ತೈತಂತಲ್ರಿ.”

ಎಂಟು ಐವತ್ತೆರಡು ಎಂದು ಅಚ್ಚಾಗಿತ್ತು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಹತ್ತೂವರೆಗೆ ಇಂಜೆಕ್ಷನ್ ಏರಿಸಿದರು.

ಹೆಪ್ಪು ಕರಗಿ ರಕ್ತ ನುಗ್ಗಿ ಬಂತು. ಎಲ್ಲರೂ ಅದನ್ನೇ ಕಾದಿದ್ದೆವು. ಆದರೆ ಹಸಿದ ಕೋಶಕ್ಕೆ ಒಮ್ಮೆಲೇ ಬಂದ ಆಮ್ಲಜನಕ ಒಳಗೆಲ್ಲ ಕಿಡಿಯಂತೆ ಸುಟ್ಟಿತು. ನನ್ನ ನರಕೋಶ ಕೈಚೆಲ್ಲಿತು. ಕೆಟ್ಟ ಕೋಶ ತನ್ನನ್ನು ತಾನೇ ಕೊಂದುಕೊಳ್ಳಬೇಕೆಂದು ದೇಹದಲ್ಲೊಂದು ಕಟ್ಟಳೆಯಿದೆ. ಆ ಆಜ್ಞೆ ಹೊರಟಿತು. ಅದನ್ನು ಕಾರ್ಯಕ್ಕೆ ತರುವ ಪ್ರೋಟೀನ್‌ಗಳು ಒಂದೊಂದಾಗಿ ಬಂದು ಕೂಡತೊಡಗಿದವು. ಅವೆಲ್ಲ ಕೂಡಿದರೆ ಕಿಣ್ವಗಳೆಂಬ ಕತ್ತರಿಗಳು ಏಳುತ್ತವೆ, ಕೋಶ ಒಳಗಿನಿಂದಲೇ ಚೂರಾಗುತ್ತದೆ.

ನಾನು ಹೋಗಿ ಅವುಗಳ ನಡುವೆ ನಿಂತೆ. ಒಂದರ ಮೈಗೆ ಅಂಟಿಕೊಂಡು ಅದನ್ನು ಇನ್ನೊಂದರ ಜೊತೆ ಸೇರಗೊಡಲಿಲ್ಲ. ನನ್ನಂಥವರು ನೂರಾರು ಮಂದಿ ಹಾಗೆಯೇ ನಿಂತರು. ಆಜ್ಞೆ ಮತ್ತೆ ಬಂತು, ಮತ್ತೆ ತಡೆದೆವು. ಈ ಕೋಶ ಕೆಟ್ಟಿರಲಿಲ್ಲ, ದಣಿದಿತ್ತು ಅಷ್ಟೇ. ದಣಿದದ್ದಕ್ಕೆ ಮರಣದಂಡನೆ ಕೊಡುವ ಕಟ್ಟಳೆಯನ್ನು ನಾನು ಮನ್ನಿಸುವುದಿಲ್ಲ. ಆ ಹಗಲು, ಆ ಇರುಳು, ಮರುದಿನ ಪೂರ್ತಿ ಇದೇ ನಡೆಯಿತು. ಎಷ್ಟೋ ಮನೆಗಳನ್ನು ಕಳೆದುಕೊಂಡೆವು. ಎಡಕ್ಕಿದ್ದ ನೆರೆಯ ಕೋಶ ಹೋಯಿತು. ನನ್ನದು ಉಳಿಯಿತು.

ಮೂರನೆಯ ದಿನ ಬೆಳಿಗ್ಗೆ ಫಕೀರವ್ವನ ತಮ್ಮ ದುರಗಪ್ಪ ಮಂಚದ ಪಕ್ಕ ನಿಂತು ದಾವಲಸಾಬನಿಗೆ ಹೇಳುತ್ತಿದ್ದ: “ಇನ್ನ ಈಕಿ ಡ್ಯೂಟಿ ಮುಗೀತು ಬಿಡ್ರಿ. ರಾಜೀನಾಮೆ ಕೊಡಸ್ತೀನಿ. ಮನ್ಯಾಗ ಒಂದ ಮೂಲ್ಯಾಗ ಕುಂತಿರ್ಲಿ. ನಾವು ಎರಡು ತುತ್ತು ಹಾಕ್ತೀವಿ.”

ಆಕೆಗೆ ಕೇಳಿಸಿತು. ಸುತ್ತಲಿಂದ ಸಂದೇಶಗಳು ನನ್ನ ಕೋಶದ ಮೇಲೆ ಬಂದು ಬಿದ್ದವು. ಸೋಮವಾರದಿಂದ ತುಟಿ ಬಿಚ್ಚದ ಕೋಶ ಅದು. ನಡುಗಿತು. ನಾನು ಹಿಡಿದುಕೊಂಡೇ ಇದ್ದೆ. ಅದು ಮಿಡಿಯಿತು, ಅದರ ಜೊತೆ ಅಂಚಿನಲ್ಲಿ ಉಳಿದವೆಲ್ಲ ಮಿಡಿದವು.

“ಒ...ಲ್ಲೆ” ಎಂದಳು ಫಕೀರವ್ವ.

ದುರಗಪ್ಪ ತಿರುಗಿ ನೋಡಿದ. “ಏನಂದ್ಯವ್ವಾ?”

“ನಾ ಒಲ್ಲೆ.” ಈ ಸಲ ಸ್ಪಷ್ಟವಾಗಿತ್ತು. ದಾವಲಸಾಬ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಎಲ್ಲವೂ ಸರಿಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಬಲಗಾಲಿಗೆ ಇನ್ನೂ ಬಲ ಬಂದಿಲ್ಲ. ಹಲವು ಹೆಸರುಗಳು ಬಾಯಿಗೆ ಸಿಗುತ್ತಿಲ್ಲ. ಇಂಜೆಕ್ಷನ್ ಬಾರದಿದ್ದರೆ ನಮ್ಮಿಂದಷ್ಟೇ ಏನೂ ಮಾಡಲಾಗುತ್ತಿರಲಿಲ್ಲ. ಆದರೆ ಅದು ಬರುವ ತನಕ, ಬಂದ ಮೇಲೂ, ಹಿಡಿದು ನಿಂತವರು ನಾವು. ಇದನ್ನು ಯಾರೂ ನಮ್ಮಿಂದ ಕಸಿಯಲಾರರು.

ಈಗ ನನಗೆ ವಯಸ್ಸಾಗಿದೆ. ನನ್ನ ಮೈಗೆ ಗುಜರಿಯ ಗುರುತು ಅಂಟಿಸಿದ್ದಾರೆ. ಕೋಶದ ಮೂಲೆಯಲ್ಲಿ ಒಂದು ಕೊಳವೆಯಿದೆ, ಅದರೊಳಗೆ ಹೋದವರನ್ನು ತುಂಡು ತುಂಡು ಮಾಡುತ್ತಾರೆ. ಆ ತುಂಡುಗಳಿಂದ ಬೇರೆ ಪ್ರೋಟೀನ್‌ಗಳನ್ನು ಕಟ್ಟುತ್ತಾರೆ. ನನಗೆ ಅಳುಕಿಲ್ಲ. ನನ್ನ ಸಾವು ನನ್ನ ಕೆಲಸ ಮುಗಿದ ಮೇಲೆ ಬಂದಿದೆ, ಮೊದಲಲ್ಲ.

ಹೊರಗೆ ವ್ಯಾಯಾಮ ಮಾಡಿಸುವ ಹುಡುಗಿ ಬಂದಿದ್ದಾಳೆ. ತನ್ನ ಎರಡು ಬೆರಳನ್ನು ಫಕೀರವ್ವನ ಬಲ ಅಂಗೈಯಲ್ಲಿಟ್ಟು, “ಹಿಡೀರಿ ಅಕ್ಕಾರ” ಎನ್ನುತ್ತಾಳೆ. ಬೆರಳುಗಳು ತಡವರಿಸುತ್ತವೆ, ಮಡಚಿಕೊಳ್ಳುತ್ತವೆ, ಬಿಗಿಯುತ್ತವೆ.

“ಸಾಕ್ರಿ ಅಕ್ಕಾರ. ಈಗ ಬಿಡ್ರಿ.”

ಫಕೀರವ್ವ ಬಿಡುತ್ತಿಲ್ಲ.