ಯಾರ ಗಂಟೆ?

"ಒಂದು ಡಜನ್ ಮೊಟ್ಟೆ ನನಗೆ ಇಪ್ಪತ್ತು ನಿಮಿಷ ಕಣಕ್ಕ. ನಿಂಗೆ?"

"ಎರಡು ಗಂಟೆ."

"ಎರಡು ಗಂಟೇನಾ? ಅಷ್ಟು ಹೊತ್ತು ಕೂತಿದ್ರೆ ನೀನೇ ಇಟ್ಟುಬಿಡಬಹುದಿತ್ತು."

ಫೋನು ಹಿಡಿದಿದ್ದ ಅಕ್ಕ ನಗಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು, ಕಿವಿ ಮುಚ್ಚಿರಲಿಲ್ಲ.

ತಮ್ಮ ಸಮುದ್ರದಾಚೆಯ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ. ಇವಳು ಇಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಅಂಟು ಬಳಿಯುತ್ತಿದ್ದಳು. ಇಬ್ಬರದೂ ಕನಿಷ್ಠ ವೇತನ. ಅವನ ಬಾಯಲ್ಲಿ ಅದು 'ಕನಿಷ್ಠ ವೇದನೆ.' ಆ ದೇಶದ ದುಡ್ಡು, ಈ ದೇಶದ ದುಡ್ಡು ಎಂದು ಗುಣಿಸಿ ಭಾಗಿಸಿ ತಲೆ ಕೆಟ್ಟ ಮೇಲೆ, ಎಲ್ಲದರ ಬೆಲೆಯನ್ನೂ ದುಡಿಮೆಯ ಗಂಟೆಗಳಲ್ಲೇ ಹೇಳಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು. ಅವನ ಒಂದು ಗಂಟೆಗೆ ಇವಳ ಎಂಟು. ಆದರೆ ಕೋಣೆಯ ಬಾಡಿಗೆಗೇ ಇವಳಿಗೆ ತಿಂಗಳಲ್ಲಿ ಹತ್ತು ದಿನ ಹೋದರೆ, ಅವನಿಗೆ ಹದಿನೈದು. "ನನ್ನ ಗಂಟೆ ದೊಡ್ಡದು, ಗಂಟು ಮಾತ್ರ ನಿನ್ನಷ್ಟೇ," ಎನ್ನುತ್ತಿದ್ದ.

"ಅದಿರ್ಲಿ, ಡಾಕ್ಟ್ರು ಬಂದಿದ್ರಾ? ಏನಂದ್ರು?"

ಬೆಳಿಗ್ಗೆ ಡಾಕ್ಟರು ಅವಳನ್ನು ಹೊರಗೆ ಕರೆದು, ಹೆಚ್ಚೆಂದರೆ ಇಷ್ಟು ಹೊತ್ತು, ಬರುವವರಿದ್ದರೆ ತಿಳಿಸಿಬಿಡಿ ಎಂದಿದ್ದರು. ಅಮ್ಮನಿಗೆ ಕೇಳಿಸದಂತೆ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ನಲವತ್ತೆಂಟು ಗಂಟೆ ಅಂದ್ರು ಕಣೋ."

ಅತ್ತ ಯಾರೋ ಇಸ್ತ್ರಿಯ ಹಬೆ ಬಿಟ್ಟ ಸದ್ದು. ಆಮೇಲೆ ಅವನ ಅಳುಕಿದ ದನಿ: "ನಿನ್ನ ಗಂಟೇನಾ, ನನ್ನ ಗಂಟೇನಾ?"

ಆಸ್ಪತ್ರೆಯ ಬಿಲ್ಲು ಅಂದುಕೊಂಡಿದ್ದ.

ನಿಜ ಹೇಳಿದರೆ ಹಾಕಿಕೊಂಡ ಬಟ್ಟೆಯಲ್ಲೇ ಓಡಿಬರುವವನು. ಕರಾರು ಮುರಿದರೆ ಕೆಲಸ ಹೋಯಿತು. ಎರಡು ವಿಮಾನ, ಒಂದು ಬಸ್ಸು. ಈ ಕ್ಷಣ ಹೊರಟರೂ ಮನೆ ಮುಟ್ಟುವುದು ಮೂರನೆಯ ದಿನ ರಾತ್ರಿ.

"ನಂದು," ಎಂದಳು.

"ಅಷ್ಟೇನಾ! ಹಾಗಾದ್ರೆ ನಂದು ಬರೀ ಆರು. ಎದೆ ಒಡೆಸಿಬಿಟ್ಟಿದ್ದೆಯಲ್ಲಕ್ಕ. ಭಾನುವಾರ ಒಂದು ಶಿಫ್ಟ್ ಜಾಸ್ತಿ ಮಾಡಿ ಕಳಿಸ್ತೀನಿ. ಅಮ್ಮಂಗೆ ಹೇಳು, ಚಿಂತೆ ಬೇಡ ಅಂತ."

"ನೀನೇ ಹೇಳು. ನಿಮ್ಮ ಸೂಪರ್‌ವೈಸರಮ್ಮನ ಥರ ಮಾತಾಡಿ ನಗಿಸೋ."

"ಈಗ್ಲಾ? ಬಿಡುವು ಮುಗೀತಾ ಬಂತು. ನಾಳೆ ಮಾಡ್ತೀನಿ, ಚೆನ್ನಾಗಿ."

"ನಾಳೆ ಬೇಡ."

"ಯಾಕೆ?"

"ಎಚ್ಚರ ಇದಾಳೆ ಈಗ. ಮಾಡೋ ಸುಮ್ನೆ."

ಅವಳು ಬಾಗಿ ಫೋನನ್ನು ಅಮ್ಮನ ಕಿವಿಗೆ ಹಿಡಿದಳು. ಮೂಗಿನಲ್ಲಿ ಎಳೆದ ಹೆಂಗಸಿನ ದನಿಯೊಂದು ಸಣ್ಣಗೆ ಹೊರಗೂ ಕೇಳಿಸಿತು: "ಬಟ್ಟೆ ಮಡಿಸಿ ಅಂದೆ ಕಣ್ರೀ, ನೀವೇ ಮಡೀರಿ ಅನ್ಲಿಲ್ಲ. ಕೈ ಆಡ್ಲಿ, ಕೈ ಆಡ್ಲಿ."

ಅಮ್ಮನ ಕೆಳತುಟಿ ಒಂದು ಪಕ್ಕಕ್ಕೆ ಸರಿಯಿತು. ಹೊದಿಕೆಯ ಕೆಳಗೆ ಹೊಟ್ಟೆ ಸಣ್ಣಗೆ ಕುಲುಕಿತು. ಅತ್ತ ಅವನು ಹುರುಪೇರಿ ಇನ್ನೊಂದು ದನಿ ಶುರು ಮಾಡಿದ್ದ. ಬಾಗಿ ನಿಂತ ಅಕ್ಕನ ತೋಳು ಸೋಲುತ್ತ ಬಂತು. ಫೋನು ಕಿವಿಯಿಂದ ಕದಲದಂತೆ ಅವಳು ಮೆಲ್ಲಗೆ ಕೈ ಬದಲಾಯಿಸಿಕೊಂಡಳು.